ಪಾರ್ಕಿನಲ್ಲಿ ಆರೋಗ್ಯ ವಿಚಾರಣೆ

ಕೆಂಚಪ್ಪನ ಆ ದಿನ ಕೆಟ್ಟದ್ದು ಒಂದು ಕಾರ್ಡಿನಿಂದ.

ಕಾರ್ಡು ಬಂದದ್ದು ಸೋಮವಾರ. ಪಾರ್ಕ್ ಕಮಿಟಿಯ ಕಾರ್ಯದರ್ಶಿ ರೇವಣಪ್ಪ ಅದನ್ನು ಓದಿ ಅಂಗಿಯ ಜೇಬಿಗಿಟ್ಟುಕೊಂಡ. ಅಂಗಿ ಮಡಿವಾಳರ ಮನೆಗೆ ಹೋಯಿತು. ಗುರುವಾರ ಬೆಳಗ್ಗೆ ಇಸ್ತ್ರಿಯಾಗಿ ಬಂದ ಅಂಗಿ ತೊಟ್ಟು ಜೇಬಿಗೆ ಕೈ ಹಾಕಿದರೆ ಕಾರ್ಡು ಸುಟ್ಟ ಹಪ್ಪಳದಂತೆ ಗರಿಗರಿಯಾಗಿ ಕೈಗೆ ಬಂತು. ಅರ್ಧ ಅಕ್ಷರ ಅಳಿಸಿಹೋಗಿತ್ತು. ಉಳಿದರ್ಧವೇ ಒಬ್ಬ ಮನುಷ್ಯನ ಜೀವ ಬಾಯಿಗೆ ತರಿಸುವುದಕ್ಕೆ ಸಾಕಾಗಿತ್ತು. ರೇವಣಪ್ಪ ಸೈಕಲ್ ಹತ್ತಿ ಕಡೂರಿನ ಸ್ಟೇಷನ್ ರಸ್ತೆಯಲ್ಲಿ ತುಳಿದ ರಭಸಕ್ಕೆ ಅವನ ಪಂಚೆ ಬಾವುಟದ ಹಾಗೆ ಹಾರುತ್ತಿತ್ತು.

ಕೆಂಚಪ್ಪ ಪಾರ್ಕಿನ ಮಾಲಿ. ಆ ಹೊತ್ತಿಗೆ ಬಕೆಟ್ಟು ಹಿಡಿದು ದಾಸವಾಳದ ಬುಡಕ್ಕೆ ನೀರು ಹಾಕುತ್ತಿದ್ದ.

"ಲೇ ಕೆಂಚಪ್ಪ, ಬಕೆಟ್ ಇಡು ಕೆಳಗೆ. ಸಾಯಂಕಾಲ ನಾಕು ಗಂಟೆಗೆ ಬೆಂಗ್ಳೂರಿಂದ ಡಾಕ್ಟ್ರು ಬತ್ತಾವ್ರೆ."

"ಯಾರಿಗೆ ಹುಷಾರಿಲ್ಲ ರೇವಣ್ಣೋರೇ?"

"ಪಾರ್ಕಿಗೆ."

ಕಾರ್ಡಿನಲ್ಲಿ ಉಳಿದಿದ್ದ ಅಕ್ಷರಗಳ ಪ್ರಕಾರ ವಿಷಯ ಇಷ್ಟು. ಊರಿನಲ್ಲಿ ಪಾರ್ಕು ಇದ್ದರೆ ಜನರ ಆರೋಗ್ಯಕ್ಕೆ ಏನು ಉಪಯೋಗ ಎಂದು ನೋಡಿ ಬರೆದುಕೊಂಡು ಹೋಗಲು ಡಾಕ್ಟರ್ ಮಲ್ಲಿಕಾರ್ಜುನಯ್ಯ ಎಂಬ ದೊಡ್ಡ ಅಧಿಕಾರಿ ಊರೂರು ತಿರುಗುತ್ತಿದ್ದಾರೆ. ಅವರಿಗೆ ಒಪ್ಪಿಗೆಯಾದರೆ ಪಾರ್ಕನ್ನು ಸರ್ಕಾರವೇ ವಹಿಸಿಕೊಳ್ಳುತ್ತದೆ, ಮಾಲಿಯನ್ನು ಕಾಯಂ ಮಾಡುತ್ತದೆ. ಒಪ್ಪಿಗೆಯಾಗದಿದ್ದರೆ ಜಾಗ ವಾಪಸು.

"ವಾಪಸು ಅಂದ್ರೆ?" ಎಂದ ಕೆಂಚಪ್ಪ.

"ವಾಪಸು ಅಂದ್ರೆ ಇಲ್ಲಿ ಮತ್ತೆ ಕಾರೆಮುಳ್ಳು ಬೆಳೀತದೆ, ನೀನು ಎಮ್ಮೆದೊಡ್ಡಿಗೆ ಹೋಗ್ತೀಯ."

ಕೆಂಚಪ್ಪನ ಕೈಯಿಂದ ಬಕೆಟ್ಟು ತಾನಾಗಿ ಜಾರಿತು. ಎಮ್ಮೆದೊಡ್ಡಿ ಎಂದರೆ ಅಣ್ಣನ ಮನೆ. ಅಣ್ಣ ಬಂಗಾರದಂಥವನು, ಇಡೀ ಹೊಲದಲ್ಲಿ ಅರ್ಧ ನಿನ್ನದೇ ಬಾರೋ ಎಂದು ಕರೆಯುತ್ತಲೇ ಇದ್ದ. ಕಷ್ಟವಿದ್ದದ್ದು ಅತ್ತಿಗೆಯ ನಾಲಿಗೆಯದು. ಎಮ್ಮೆದೊಡ್ಡಿಯ ಕಾವಲಿನಲ್ಲಿ ಹುಲ್ಲು ಯಾರ ಹಂಗೂ ಇಲ್ಲದೆ ಸಾವಿರಾರು ಎಕರೆ ತಾನಾಗಿ ಬೆಳೆದು ನಿಲ್ಲುವಂಥದ್ದು. ಆರು ವರ್ಷದ ಹಿಂದೆ ಕೆಂಚಪ್ಪ ಹೆಂಡತಿ ಹಾಲಮ್ಮನ ಜೊತೆ ಗಂಟುಮೂಟೆ ಕಟ್ಟಿಕೊಂಡು ಹೊರಟಾಗ, "ಹುಲ್ಲಿಗೆ ನೀರು ಹಾಕೋ ಚಾಕರಿಯಂತೆ ಕಣ್ರವ್ವ, ನಾಳೆ ಗಾಳಿಗೆ ಬೀಸಣಿಗೆ ಬೀಸೋಕೂ ಆಳು ತಗೊಂಡಾರು" ಎಂದು ಅತ್ತಿಗೆ ನಕ್ಕ ನಗು ಕಾವಲಿನ ದನಗಳಿಗೂ ಕೇಳಿಸಿತ್ತು. ಕಾಯಂ ಆದ ಮೇಲೆ ಎದೆಗೆ ಸರ್ಕಾರಿ ಆಳಿನ ಹಿತ್ತಾಳೆ ಬಿಲ್ಲೆ ಹಾಕಿಕೊಂಡೇ ಆ ಮನೆಯ ಹೊಸಿಲು ದಾಟುತ್ತೇನೆ ಎಂದು ಕೆಂಚಪ್ಪ ಅವತ್ತೇ ಮನಸ್ಸಿನಲ್ಲಿ ಅಂದುಕೊಂಡಿದ್ದ. ಬಿಲ್ಲೆ ಇಲ್ಲದೆ, ಕೆಲಸವೂ ಇಲ್ಲದೆ ದಾಟಬೇಕಾದರೆ ಆ ಹೊಸಿಲು ಬಾಬಾಬುಡನ್ ಗಿರಿಗಿಂತ ಎತ್ತರ.

ಪಾರ್ಕಿನಲ್ಲಿ ಅವನು ಮಾಡಿದ್ದ ಕೆಲಸಕ್ಕೆ ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ. ಎರಡು ಎಕರೆ ಜಾಗ. ಸುತ್ತಲಿನ ನೆಲ ಬೇಸಿಗೆಯಲ್ಲಿ ರೊಟ್ಟಿ ಹಂಚಿನಂತೆ ಕಾದರೂ ಅಲ್ಲಿ ಗರಿಕೆ ಹಸಿರಾಗಿರುತ್ತಿತ್ತು. ಹೆಬ್ಬೆ ಕಾಡಿನಿಂದ ದಾರಿ ತಪ್ಪಿ ಬಂದ ಗಿಳಿಗಳ ಹಿಂಡೊಂದು ಇದೇ ತಮ್ಮ ಕಾಡೆಂದು ತಿಳಿದು ಎಂಟು ದಿನ ಉಳಿದು, ಆಮೇಲೆ ಅಡಿಕೆ ಮರ ಕಾಣದೆ ಅನುಮಾನ ಬಂದು ಎದ್ದುಹೋಯಿತು ಎಂದು ಕೆಂಚಪ್ಪ ಹೇಳುತ್ತಿದ್ದ. ನಡುವೆ ಒಂದು ಕಂಬ, ಕಂಬದ ಮೇಲೆ ರೇಡಿಯೋದ ದೊಡ್ಡ ಬಾಯಿ. ನಾಲ್ಕು ಕಲ್ಲುಬೆಂಚು. ಹೊಂಗೆಮರಗಳು.

ಊರಿನವರು ಬರುತ್ತಿರಲಿಲ್ಲ ಎಂದೇನಲ್ಲ. ಎಲ್ಲರೂ ಬರುತ್ತಿದ್ದರು. ಹಾಲು ಮಾರುವ ಸಣ್ಣಬೀರಪ್ಪ ಎಮ್ಮೆಗಳನ್ನು ತಂದು ಬೆಂಚಿಗೆ ಕಟ್ಟುತ್ತಿದ್ದ. ಕರಿಬಸಮ್ಮ ಓಣಿಯ ಹೆಂಗಸರನ್ನೆಲ್ಲ ಕರೆದುಕೊಂಡು ಬಂದು ಗರಿಕೆಯ ಮೇಲೆ ಪಂಚೆ ಹಾಸಿ ಸಂಡಿಗೆ ಇಡುತ್ತಿದ್ದಳು. ಇಟ್ಟಾದ ಮೇಲೆ ಹೊಂಗೆ ನೆರಳಿನಲ್ಲಿ ಕಾಲು ಚಾಚಿಕೊಂಡು ಹೊತ್ತು ಮುಳುಗುವವರೆಗೆ ನಗುತ್ತಿದ್ದರು. ಮನೆಯಲ್ಲಿ ಸೊಸೆಯ ಮೇಲೆ ಸಿಟ್ಟಾಗಿ ಬಂದ ಅತ್ತೆ ಇಲ್ಲಿ ಒಂದು ಗಳಿಗೆ ಕೂತರೆ ಸೊಸೆಯ ಹೆಸರೇ ಮರೆತು ಎದ್ದುಹೋಗುತ್ತಿದ್ದಳು. ಆದರೆ ಸರ್ಕಾರದವರು ಕೇಳುವ ಹಾಗೆ ಆರೋಗ್ಯಕ್ಕೆಂದು ಬಂದು ಒಂದು ಸುತ್ತು ಹಾಕಿದ ಒಂದು ನರಪಿಳ್ಳೆಯೂ ಆ ಊರಿನಲ್ಲಿರಲಿಲ್ಲ.

"ನೀನೇನಾದ್ರೂ ಮಾಡು ಕಣೋ," ಎಂದ ರೇವಣಪ್ಪ. "ನಾಕು ಗಂಟೆಗೆ ಐವತ್ತು ಜನ ಇಲ್ಲಿ ನಡೀತಾ ಇರ್ಬೇಕು. ಗಟ್ಟಿಮುಟ್ಟಾಗಿರೋರನ್ನೇ ಆರಿಸ್ಕೊಂಡು ಬಾ. ಕೆಮ್ಮೋರು, ಕುಂಟೋರು ಒಬ್ರೂ ಬ್ಯಾಡ. ಪಾರ್ಕಿಂದ್ಲೇ ಹಿಂಗಾದ್ರು ಅನ್ನೋಣ."

ಕೆಂಚಪ್ಪ ಮೊದಲು ಹೋದದ್ದು ತೆಂಗಿನಕಾಯಿ ಮಂಡಿಯ ಲಕ್ಕಣ್ಣನ ಹತ್ತಿರ. ಲಕ್ಕಣ್ಣನ ಹೊಟ್ಟೆ ರಾಗಿ ತುಂಬುವ ವಾಡೆಯ ಹಾಗಿತ್ತು. ಮಂಡಿಯ ಬಾಗಿಲಿನಿಂದ ಮೊದಲು ಹೊಟ್ಟೆ ಹೊರಗೆ ಬಂದು ದಾರಿ ನೋಡಿಕೊಂಡು ಆಮೇಲೆ ಲಕ್ಕಣ್ಣ ಬರುತ್ತಿದ್ದ.

"ಲಕ್ಕಣ್ಣಾ, ಸಾಯಂಕಾಲ ಪಾರ್ಕಿಗೆ ಬಂದು ಒಂದೀಟು ನಡೀಬೇಕು."

"ನಡಿಯೋದಾ? ಎಲ್ಲೀಗಂಟ?"

"ಎಲ್ಲೀಗಂಟವೂ ಇಲ್ಲ. ಸುತ್ತು ಬರೋದು. ಹೊಂಟಿದ್ ಜಾಗಕ್ಕೇ ಬಂದು ನಿಲ್ಲೋದು."

ಲಕ್ಕಣ್ಣ ಕೈಲಿದ್ದ ತೆಂಗಿನಕಾಯಿ ಕೆಳಗಿಟ್ಟು ಕೆಂಚಪ್ಪನ ಮುಖವನ್ನೇ ನೋಡಿದ.

"ಅಲ್ಲ ಕಣೋ, ಹೊಂಟಿದ್ ಜಾಗಕ್ಕೇ ಬರೋದಾದ್ರೆ ಹೋಗೋದ್ಯಾಕೆ? ಕಣದಾಗೆ ಎತ್ತು ಸುತ್ತುತ್ತೆ, ರಾಗಿ ಉದುರುತ್ತೆ. ನಾನು ಸುತ್ತಿದ್ರೆ ಏನ್ ಉದುರುತ್ತೆ?"

"ಬೊಜ್ಜು ಉದುರುತ್ತಂತೆ."

"ಇದು ಬೊಜ್ಜಲ್ಲ ಕಣೋ, ಮೂವತ್ತು ವರ್ಷದ ದುಡಿಮೆ," ಎಂದು ಲಕ್ಕಣ್ಣ ಹೊಟ್ಟೆ ಸವರಿಕೊಂಡ. ಆದರೂ ಮಂಡಿಗೆ ಪಾರ್ಕಿನ ಕಡೆಯಿಂದ ತಂಪು ಗಾಳಿ ಬೀಸುವುದು ಅವನಿಗೆ ಇಷ್ಟ. ಪಾರ್ಕು ಹೋದರೆ ಆ ಗಾಳಿಯೂ ಹೋಗುತ್ತದೆ ಎಂದು ಕೆಂಚಪ್ಪ ಮೂರು ಸಲ ಬಿಡಿಸಿ ಹೇಳಿದ ಮೇಲೆ, "ಆಯ್ತು ಬತ್ತೀನಿ ಹೋಗು. ಒಂದೇ ಸುತ್ತು. ಮಧ್ಯದಾಗೆ ಕೂರೋಕೆ ಬೆಂಚಿರ್ಬೇಕು" ಎಂದ.

ಸಣ್ಣಬೀರಪ್ಪ ಹೆಸರಿಗಷ್ಟೇ ಸಣ್ಣವನು. ತೋಳು ಎರಡೂ ತೊಲೆಗಳು. ಒಂದು ಸಲ ಅವನ ಎಮ್ಮೆಕರು ನಡೆಯಲಾರೆ ಎಂದು ಹಟ ಹಿಡಿದಾಗ ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಬೀರೂರಿನಿಂದ ಕಡೂರಿಗೆ ನಡೆದು ಬಂದು, ದಣಿವಾಯಿತೆಂದು ಅದರ ಪಾಲಿನ ಹಾಲನ್ನೂ ಕುಡಿದಿದ್ದ. ಅವನು ಸುಮ್ಮನೆ ಒಪ್ಪಲಿಲ್ಲ.

"ಒಂದು ಹೊರೆ ಗರಿಕೆ ಹುಲ್ಲು ಕೊಡ್ತೀಯಾ?"

"ಡಾಕ್ಟ್ರು ಹೋದ್ಮೇಲೆ ಕೊಯ್ಕೊಳ್ಳಪ್ಪ. ಈಗ ಕೊಯ್ದ್ರೆ ಪಾರ್ಕು ತಲೆ ಬೋಳಿಸಿದಂಗಾಗುತ್ತೆ."

"ಮತ್ತೆ ನಮ್ ಎಮ್ಮೆಗಳು?"

"ಅವು ಬರೋದು ಬ್ಯಾಡ. ಅವುಕ್ಕೆ ಆಗ್ಲೇ ಆರೋಗ್ಯ ಐತೆ."

ಕರಿಬಸಮ್ಮನದು ಇನ್ನೊಂದು ತಕರಾರು. ಆವತ್ತು ಮೂರು ಸೇರು ಅಕ್ಕಿಯ ಸಂಡಿಗೆ ಇಟ್ಟಾಗಿತ್ತು. ಸಾಯಂಕಾಲದವರೆಗೆ ಒಣಗಲೇಬೇಕು. ಸಂಡಿಗೆ ಎತ್ತು ಎಂದರೆ ಕೆಂಚಪ್ಪನನ್ನೇ ಎತ್ತಿ ಹೊಂಗೆಮರಕ್ಕೆ ನೇತುಹಾಕುವ ಗತ್ತಿನಲ್ಲಿ ನಿಂತಿದ್ದಳು. ಕೆಂಚಪ್ಪ ಕೈ ಮುಗಿದ.

"ಸಂಡಿಗೆ ಇರ್ಲಿ ಕಣಕ್ಕಾ. ಅದರ ಸುತ್ತಾನೇ ನಡೀರಿ. ಕಾಗೆ ಓಡ್ಸಿದಂಗೂ ಆಯ್ತು, ಆರೋಗ್ಯಕ್ಕೆ ನಡೆದಂಗೂ ಆಯ್ತು."

"ಹಂಗಾದ್ರೆ ಸರಿ," ಎಂದಳು ಕರಿಬಸಮ್ಮ. "ಎಂಟು ಜನ ಬತ್ತೀವಿ. ಪಾಪಮ್ಮನೂ ಬತ್ತಾಳಂತೆ."

ಪಾಪಮ್ಮನ ಹೆಸರು ಕೇಳಿ ಕೆಂಚಪ್ಪ ಎರಡು ಹೆಜ್ಜೆ ಹಿಂದಕ್ಕೆ ಸರಿದ. ಪಾಪಮ್ಮ ಒಳ್ಳೆಯ ಹೆಂಗಸು. ಮನಸ್ಸಿನಲ್ಲಿ ಕೊಳೆ ಇಲ್ಲದವಳು. ಕಂಡದ್ದನ್ನೆಲ್ಲ ಬಾಯಿ ತುಂಬ ಹೊಗಳುತ್ತಿದ್ದಳು, ಅವಳ ತಪ್ಪು ಅಷ್ಟೇ. ಹೋದ ವರ್ಷ ರೇವಣಪ್ಪನ ಹಿತ್ತಿಲಿನ ಕುಂಬಳಬಳ್ಳಿ ನೋಡಿ, "ಎಷ್ಟು ಸೊಂಪಾಗಿ ಹಬ್ಬೈತಪ್ಪ" ಅಂದಿದ್ದಳು. ಮಾರನೆಯ ದಿನ ಬಳ್ಳಿ ಒಣಗಿ ಹಗ್ಗವಾಗಿತ್ತು. ರೇವಣಪ್ಪನ ಮನೆಯಲ್ಲಿ ಈಗಲೂ ಆ ಬಳ್ಳಿಯಲ್ಲೇ ಬಾವಿಗೆ ಕೊಡ ಬಿಡುತ್ತಾರೆ ಎನ್ನುವವರಿದ್ದರು. ಆದರೆ ಲೆಕ್ಕಕ್ಕೆ ಜನ ಬೇಕಿತ್ತು. ಬೇಡವೆನ್ನುವ ಹಾಗಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಐವತ್ತು ಜನ ಒಪ್ಪಿದ್ದರು. ಕೆಂಚಪ್ಪ ಗೇಟಿಗೆ ಮಾವಿನ ತೋರಣ ಕಟ್ಟಿ, ಮೈ ತೊಳೆದುಕೊಂಡು ಬರೋಣವೆಂದು ಬೆನ್ನು ತಿರುಗಿಸಿದ. ವಾಪಸು ಬರುವಷ್ಟರಲ್ಲಿ ಸಣ್ಣಬೀರಪ್ಪನ ಎಮ್ಮೆ ತೋರಣದ ಕೊನೆಯ ಎಲೆಯನ್ನು ಬಾಯಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು. ಅದಾದರೂ ಹೋಗಲಿ ಎಂದುಕೊಳ್ಳುತ್ತಿರುವಾಗ ರೇವಣಪ್ಪ ಓಡಿಬಂದ. ಸೈಕಲ್ ಹತ್ತುವುದಕ್ಕೂ ಅವನಿಗೆ ಪುರಸೊತ್ತಾಗಿರಲಿಲ್ಲ.

"ಕೆಟ್ಟೋಯ್ತು ಕಣೋ. ಊರೆಲ್ಲ ಬಾಗಿಲು ಹಾಕ್ಕೊಂಡೈತೆ. ಡಾಕ್ಟ್ರು ಬರೋದು ದಾಕು ಹಾಕೋಕಂತೆ, ಎಲ್ರಿಗೂ ಸೂಜಿ ಚುಚ್ಚೋಕಂತೆ."

ಅದು ಹೇಗೆ ಹುಟ್ಟಿತೋ, ಯಾರ ಬಾಯಿಂದ ಹೊರಟಿತೋ. ಸೂಜಿ ಇಲ್ಲದ ಡಾಕ್ಟರು ಎಲ್ಲಾದರೂ ಉಂಟೇ ಎಂದು ಒಬ್ಬರು ಅಂದದ್ದು ಇನ್ನೊಬ್ಬರ ಕಿವಿಗೆ ಬರುವಾಗ ಜೀಪು ತುಂಬ ಸೂಜಿಯಾಗಿತ್ತು. ಮೂರನೆಯವರ ಹತ್ತಿರ ಹೋಗುವಷ್ಟರಲ್ಲಿ ಆ ಸೂಜಿಗಳು ಗಾಡಿಯ ಕೀಲಿನಷ್ಟು ದಪ್ಪವಾಗಿದ್ದವು. ಲಕ್ಕಣ್ಣ ಮಂಡಿಯಲ್ಲಿ ತೆಂಗಿನಕಾಯಿ ರಾಶಿಯ ಹಿಂದೆ ಕೂತಿದ್ದ. ಹೊಟ್ಟೆ ಮಾತ್ರ ಈಚೆ ಕಾಣುತ್ತಿತ್ತು. ಸಣ್ಣಬೀರಪ್ಪ ಅಟ್ಟ ಹತ್ತಿ ಏಣಿಯನ್ನು ಮೇಲೆಳೆದುಕೊಂಡಿದ್ದ.

ಕೆಂಚಪ್ಪ ಅಟ್ಟದ ಕೆಳಗೆ ನಿಂತು ಕೂಗಿದ.

"ಇಳಿಯೋ ಮಾರಾಯ. ಸೂಜಿ ಗೀಜಿ ಏನಿಲ್ಲ. ಬರೀ ಮಾತು ಕೇಳ್ಕೊಂಡು ಹೋಗ್ತಾರೆ."

"ಮೊದ್ಲು ಮಾತೇ ಕೇಳೋದು ಕಣೋ. ಮಾತಾಡ್ತಾ ಮಾತಾಡ್ತಾ ಚುಚ್ತಾರೆ."

"ಸೂಜಿ ಕಂಡ್ರೆ ಮೊದ್ಲು ನನಗೇ ಚುಚ್ಚಿಸ್ಕೊತೀನಿ. ಎರಡು ತೋಳಿಗೂ. ಅದನ್ನ ನೋಡ್ಕೊಂಡು ನೀನು ಓಡೋಗು."

"ಗೇಟು ತೆಗೆದಿಟ್ಟಿರ್ತೀಯಾ?"

"ಗೇಟನ್ನೇ ಕಿತ್ತಿಟ್ಟಿರ್ತೀನಿ ಬಾರೋ."

ಏಣಿ ಕೆಳಗಿಳಿಯಿತು. ಹೀಗೆ ಮನೆಮನೆಗೂ ಆಣೆ ಪ್ರಮಾಣ ಮಾಡುತ್ತ, ಐವತ್ತು ಜನರ ಬದಲಿಗೆ ತನ್ನ ಎರಡು ತೋಳುಗಳನ್ನು ಒತ್ತೆ ಇಡುತ್ತ ಅವರನ್ನೆಲ್ಲ ಪಾರ್ಕಿಗೆ ತರುವಾಗ ಮೂರೂವರೆ. ಕೆಂಚಪ್ಪ ಬೆಂಚಿನ ಮೇಲೆ ನಿಂತು ಎಲ್ಲರಿಗೂ ಪಾಠ ಹೇಳಿಕೊಟ್ಟ.

"ದಿನಾ ಬತ್ತೀರಾ ಅಂತ ಕೇಳ್ತಾರೆ. ಎರಡು ಹೊತ್ತೂ ಬತ್ತೀವಿ ಅನ್ನಿ. ಆಮೇಲೆ ಆರೋಗ್ಯ ಹೆಂಗೈತೆ ಅಂತ ಕೇಳ್ತಾರೆ. ಚೆನ್ನಾಗೈತೆ ಅನ್ನಿ. ಎಲ್ರೂ ಒಂದೇ ಮಾತು. ಚೆನ್ನಾಗೈತೆ. ತಿಳೀತಾ?"

ತಿಳಿಯಿತೆಂದು ಎಲ್ಲರೂ ತಲೆಯಾಡಿಸಿದರು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆ ಗಡಿಬಿಡಿಯಲ್ಲಿ ಕೆಂಚಪ್ಪ ಅದನ್ನು ಗಮನಿಸಲಿಲ್ಲ.

ನಾಲ್ಕು ಗಂಟೆಗೆ ಸರಿಯಾಗಿ ಜೀಪು ಬಂತು. ಡಾಕ್ಟರ್ ಮಲ್ಲಿಕಾರ್ಜುನಯ್ಯ ತೆಳ್ಳಗೆ, ಬೆಳ್ಳಗೆ, ಕನ್ನಡಕ ಹಾಕಿಕೊಂಡು ನಯವಾಗಿ ಇಳಿದರು. ಕೈಯಲ್ಲಿ ದಪ್ಪ ಪುಸ್ತಕ ಮಾತ್ರವಿತ್ತು. ಸಣ್ಣಬೀರಪ್ಪ ಜೀಪಿನ ಸುತ್ತ ಒಂದು ಸಲ ಹೋಗಿ, ಕೆಳಗೆ ಬಗ್ಗಿಯೂ ನೋಡಿ, ಸೂಜಿ ಇಲ್ಲವೆಂದು ಉಳಿದವರಿಗೆ ಸನ್ನೆ ಮಾಡಿದ.

ಪಾರ್ಕಿನೊಳಗೆ ಕಾಲಿಟ್ಟ ಡಾಕ್ಟರು ಬೆರಗಾಗಿ ನಿಂತರು. ಕೆಲಸವಿಲ್ಲದೆ ನಡೆದು ಅಭ್ಯಾಸವಿಲ್ಲದ ಆ ಐವತ್ತು ಜನ ತಮಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ನಡೆಯುತ್ತಿದ್ದರು. ಚಪ್ಪಲಿಗಳನ್ನು ಗೇಟಿನ ಹೊರಗೆ ಬಿಟ್ಟು, ಸಾಲಾಗಿ, ರೇಡಿಯೋ ಕಂಬವನ್ನು ಬಲಗಡೆಗಿಟ್ಟುಕೊಂಡು, ಕೈ ಮುಗಿದು ಪ್ರದಕ್ಷಿಣೆ ಹಾಕುತ್ತಿದ್ದರು. ಕಂಬಕ್ಕೆ ಯಾರೋ ಆಗಲೇ ಕುಂಕುಮ ಹಚ್ಚಿದ್ದರು. ಹೆಂಗಸರ ಸಾಲು ಸಂಡಿಗೆಯ ಹತ್ತಿರ ಬಂದಾಗಲೆಲ್ಲ ಒಟ್ಟಿಗೇ "ಹುಶ್" ಎಂದು ಎರಡು ಕೈಗಳನ್ನೂ ಮೇಲೆತ್ತುತ್ತಿತ್ತು.

"ವಂಡರ್‌ಫುಲ್," ಎಂದರು ಡಾಕ್ಟರು. "ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೀತಿದಾರೆ. ಕೈಗೂ ಎಕ್ಸರ್ಸೈಜು, ಶ್ವಾಸಕ್ಕೂ ಎಕ್ಸರ್ಸೈಜು. ಇವರಿಗೆ ಇದನ್ನ ಕಲಿಸಿದ್ದು ಯಾರು?"

"ನಾನೇ ಸ್ವಾಮಿ," ಎಂದ ಕೆಂಚಪ್ಪ. ಎದೆ ಎರಡು ಬೆರಳು ಮುಂದಕ್ಕೆ ಬಂತು. ಬಿಲ್ಲೆ ಹಾಕಿಕೊಳ್ಳುವುದಕ್ಕೆ ಜಾಗವಾಯಿತು.

ಡಾಕ್ಟರು ಬೆಂಚಿನ ಮೇಲೆ ಕೂತು ಪುಸ್ತಕ ಬಿಚ್ಚಿದರು. ಹಸಿರು ನೋಡಿದರೆ ಕಣ್ಣಿಗೆ ತಂಪು, ದಿನಾ ಅರ್ಧ ಗಂಟೆ ನಡೆದರೆ ರಕ್ತ ಸಲೀಸಾಗಿ ಓಡುತ್ತದೆ, ರಾತ್ರಿ ನಿದ್ದೆ ಬರುತ್ತದೆ, ಇದೆಲ್ಲ ನಿಜವೋ ಅಲ್ಲವೋ ಎಂದು ನಿಮ್ಮ ಬಾಯಿಂದಲೇ ಕೇಳಿ ಬರೆದುಕೊಳ್ಳುತ್ತೇನೆ ಎಂದರು. ಮೊದಲು ಮುಂದೆ ಬಂದವನು ಸಣ್ಣಬೀರಪ್ಪ.

"ದಿನಾ ಪಾರ್ಕಿಗೆ ಬರ್ತೀರಾ?"

"ಎರಡು ಹೊತ್ತೂ ಬತ್ತೀನಿ ಸ್ವಾಮಿ."

"ಆರೋಗ್ಯ ಹೇಗಿದೆ?"

ಸಣ್ಣಬೀರಪ್ಪ ಬಾಯಿ ತೆರೆದ. ಅಷ್ಟರಲ್ಲಿ ಹಿಂದಿನಿಂದ ಪಾಪಮ್ಮನ ದನಿ ಕೇಳಿಸಿತು. "ಏನ್ ತೋಳು ಕಣವ್ವ ನಮ್ ಸಣ್ಣಬೀರಣ್ಣಂದು. ನೋಡೋಕೆ ಎರಡು ಕಣ್ಣು ಸಾಲ್ದು."

ನಮ್ಮ ಕಡೆ ಹೊಸಬರ ಮುಂದೆ ನಿಂತು ನಾನು ಚೆನ್ನಾಗಿದ್ದೇನೆ ಎಂದು ಯಾವನು ತಾನೇ ಹೇಳಿಯಾನು? ಹಾಗೆ ಹೇಳಿ ದೃಷ್ಟಿ ತಗುಲಿಸಿಕೊಂಡು ಮೂರು ದಿನ ಮಲಗಿದವರನ್ನು ಎಲ್ಲರೂ ಕಂಡವರೇ. ಹುಟ್ಟಿದ ಕೂಸಿನ ಕೆನ್ನೆಗೇ ಕಪ್ಪು ಚುಕ್ಕೆ ಇಟ್ಟು ಅಂದಗೆಡಿಸುವ ಜನ. ಆರೋಗ್ಯ ಕೇಳಿದರೆ ನೋವು ಹೇಳುವುದೇ ಮರ್ಯಾದೆ. ಸಾಲದ್ದಕ್ಕೆ ಪಾಪಮ್ಮ ಬೇರೆ. ಸಣ್ಣಬೀರಪ್ಪನ ತೊಲೆಯಂಥ ತೋಳು ತಟ್ಟನೆ ಜೋತುಬಿತ್ತು.

"ಎಲ್ಲೈತೆ ಸ್ವಾಮಿ ಆರೋಗ್ಯ. ಸೊಂಟ ಹಿಡ್ಕೊಂಡೈತೆ. ಒಂದು ಚೊಂಬು ನೀರು ಎತ್ತಿದ್ರೆ ಕಣ್ಣು ಕತ್ತಲೆ ಬತ್ತದೆ."

ಡಾಕ್ಟರು ಕನ್ನಡಕದ ಮೇಲಿನಿಂದ ನೋಡಿ ಬರೆದುಕೊಂಡರು. ಕೆಂಚಪ್ಪ ಅವರ ಬೆನ್ನ ಹಿಂದೆ ನಿಂತು ಎರಡು ಕೈಯನ್ನೂ ಬೀಸಿ ಬೀಸಿ ಸನ್ನೆ ಮಾಡಿದ. ಲಕ್ಕಣ್ಣ ಬಂದ.

"ಊಟ ತಿಂಡಿ ಸೇರುತ್ತಾ?"

"ಊಟ ಅನ್ನೋದು ಕಂಡು ಆರು ವರ್ಷ ಆಯ್ತು ಸ್ವಾಮಿ. ಒಂದು ತುತ್ತು ಗಂಟಲಲ್ಲಿ ಇಳಿಯಲ್ಲ. ಹೊಟ್ಟೆ ಹಿಂಗೆ ಊದ್ಕೊಂಡೈತೆ ನೋಡಿ, ಬರೀ ಗಾಳಿ."

"ಆರು ವರ್ಷ?" ಡಾಕ್ಟರು ತಲೆ ಎತ್ತಿದರು. "ಈ ಪಾರ್ಕ್ ಆಗಿ ಎಷ್ಟು ವರ್ಷ?"

"ಆರು ವರ್ಷ ಸ್ವಾಮಿ," ಎಂದ ರೇವಣಪ್ಪ. ಅಂದು ನಾಲಿಗೆ ಕಚ್ಚಿಕೊಂಡ.

ಕರಿಬಸಮ್ಮನಿಗೆ ಮಂಡಿ ಹಿಡಿದುಕೊಂಡು ಎದ್ದರೆ ಕೂರಲಾಗುತ್ತಿರಲಿಲ್ಲವಂತೆ, ಕೂತರೆ ಏಳಲಾಗುತ್ತಿರಲಿಲ್ಲವಂತೆ. ಹೇಳುತ್ತಿದ್ದ ಹಾಗೆಯೇ ಒಂದು ಕಾಗೆ ಸಂಡಿಗೆಗೆ ಬಾಯಿ ಹಾಕಿತು. ಆಕೆ ಬೆಂಚನ್ನು ಹಾರಿ ಓಡಿಹೋಗಿ ಅದನ್ನು ಗೇಟಿನಾಚೆಯವರೆಗೆ ಅಟ್ಟಿ ವಾಪಸು ಬಂದು, "ಉಸಿರಾಡೋಕೂ ಆಗಲ್ಲ ಸ್ವಾಮಿ" ಎಂದು ಮುಂದುವರಿಸಿದಳು. ಡಾಕ್ಟರು ಬಗ್ಗಿ ಬರೆಯುತ್ತಿದ್ದರಿಂದ ಅದೊಂದೂ ಅವರಿಗೆ ಕಾಣಲಿಲ್ಲ. ಅವಳ ಹಿಂದಿನವಳಿಗೆ ನಿದ್ದೆ ಇಲ್ಲ. ಅವಳ ಹಿಂದಿನವಳಿಗೆ ಬರೀ ನಿದ್ದೆ. ತಮಗಿಂತ ಮೊದಲಿನವರು ಹೇಳಿದ್ದಕ್ಕಿಂತ ಒಂದು ಕೈ ಮೇಲಿರಬೇಕೆಂದು ಸಾಲು ಮುಂದೆ ಬಂದಹಾಗೆಲ್ಲ ಕಾಯಿಲೆ ದೊಡ್ಡದಾಗುತ್ತ ಹೋಯಿತು. ನಲವತ್ತನೆಯವನು ತಾನು ಸತ್ತು ಆರು ತಿಂಗಳಾಯಿತು, ಹೆಂಡತಿ ಮಕ್ಕಳ ಮೇಲಿನ ಆಸೆಯಿಂದ ಓಡಾಡಿಕೊಂಡಿದ್ದೇನೆ ಎನ್ನುವಲ್ಲಿಗೆ ಬಂದಿದ್ದ.

ಕೆಂಚಪ್ಪನಿಗೆ ತಡೆಯಲಾಗಲಿಲ್ಲ. ಮುಂದೆ ನುಗ್ಗಿ ಡಾಕ್ಟರ ಕಾಲ ಹತ್ತಿರ ಕೂತುಬಿಟ್ಟ.

"ಸ್ವಾಮಿ, ಇವ್ರ ಮಾತು ನಂಬಬ್ಯಾಡಿ. ಎಲ್ರೂ ಗುಂಡುಕಲ್ಲಿನಂಗವ್ರೆ. ಇವ್ನು ಎಮ್ಮೆಕರ ಹೊತ್ಕೊಂಡು ಬೀರೂರಿಂದ ನಡೆದು ಬಂದವ್ನು."

"ಲೇ ಕೆಂಚ," ಎಂದು ಸಣ್ಣಬೀರಪ್ಪ ಹಲ್ಲು ಕಡಿದ, "ನನಗೇನಾದ್ರೂ ಆದ್ರೆ ನಿನ್ನ ಸುಮ್ನೆ ಬಿಡಲ್ಲ ಕಣೋ."

"ನಮ್ ಮೇಲೆ ಕಣ್ಣು ಹಾಕ್ತಾನಲ್ಲ, ಇವನಿಗೆ ನಾವೇನ್ ಮಾಡಿದ್ವು," ಎಂದಳು ಕರಿಬಸಮ್ಮ. ಇಡೀ ಸಾಲು ಗೊಣಗತೊಡಗಿತು.

"ನೀನು ಸುಮ್ಮನಿರಪ್ಪ," ಎಂದರು ಡಾಕ್ಟರು. "ನೋವು ಅವರದು. ಅವರು ಹೇಳಿದ್ದನ್ನ ನಾನು ನಂಬಬೇಕು."

ಕೊನೆಯವರದೂ ಮುಗಿದ ಮೇಲೆ ಡಾಕ್ಟರು ಪುಸ್ತಕ ಮುಚ್ಚಿ, ಕನ್ನಡಕ ತೆಗೆದು ಒರೆಸಿಕೊಂಡರು. ಕೆಂಚಪ್ಪನಿಗೆ ಅವರ ಬೆನ್ನ ಹಿಂದೆ ಎಮ್ಮೆದೊಡ್ಡಿಯ ದಾರಿ, ದಾರಿಯ ಕೊನೆಗೆ ಅತ್ತಿಗೆ, ಅತ್ತಿಗೆಯ ಬಾಯಿ, ಬಾಯೊಳಗಿನ ನಾಲಿಗೆ ಎಲ್ಲವೂ ಒಂದೊಂದಾಗಿ ಕಂಡವು.

ಡಾಕ್ಟರು ಎದ್ದುನಿಂತರು.

"ನಾನು ನಿನ್ನೆ ಒಂದು ಊರಿಗೆ ಹೋಗಿದ್ದೆ. ಅಲ್ಲಿ ಪಾರ್ಕಿಗೆ ಒಬ್ಬನೂ ಬಂದಿರಲಿಲ್ಲ. ಮನೆಗೆ ಹೋಗಿ ಕೇಳಿದರೆ ಸೋಮಾರಿತನ. ಇಲ್ಲಿ ನೋಡಿ. ನಿಲ್ಲೋಕೆ ಆಗದವರು, ಕೂರೋಕೆ ಆಗದವರು, ಅನ್ನ ಇಳಿಯದವರು, ಇಷ್ಟೆಲ್ಲ ಕಷ್ಟ ಇಟ್ಟುಕೊಂಡು ದಿನಕ್ಕೆ ಎರಡು ಹೊತ್ತು ಬಂದು ಬರಿಗಾಲಲ್ಲಿ ನಡೀತಿದಾರೆ. ಪಾರ್ಕಿನ ಮೇಲೆ ಈ ಜನಕ್ಕೆ ಎಂಥಾ ನಂಬಿಕೆ ಇರಬೇಕು. ಇಂಥ ಊರಿಗೆ ಪಾರ್ಕ್ ಕೊಡದೆ ಇನ್ಯಾವ ಊರಿಗೆ ಕೊಡೋದು? ಎರಡು ಎಕರೆ ಇವರಿಗೆ ಸಾಲದು. ನಾಲ್ಕು ಎಕರೆ ಮಾಡಿ ಅಂತ ಇವತ್ತೇ ಬರೀತೀನಿ. ಮಾಲಿ ಕೆಲಸವೂ ಕಾಯಂ."

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಮೊದಲು ಅರ್ಥವಾದದ್ದು ರೇವಣಪ್ಪನಿಗೆ. ಅವನು ಹೋಗಿ ಕಂಬಕ್ಕೇ ಕೈ ಮುಗಿದ. ಆಮೇಲೆ ಎಲ್ಲರೂ ಕೆಂಚಪ್ಪನ ಕಡೆ ತಿರುಗಿದರು. ಐವತ್ತು ಜನರ ನೂರು ಕಣ್ಣುಗಳು ಅವನ ಮೇಲೆ ಆಲಿಕಲ್ಲಿನ ಹಾಗೆ ಬಿದ್ದವು.

"ಚಾನ್ಸು ಹೊಡೆದ್ಬಿಟ್ಟ ನೋಡು ಕೆಂಚಪ್ಪ," ಎಂದ ಲಕ್ಕಣ್ಣ. "ಸರ್ಕಾರಿ ಆಳು ಆಗ್ಬಿಟ್ಟ."

"ಏನ್ ಅದೃಷ್ಟ ಕಣವ್ವ," ಎಂದು ಪಾಪಮ್ಮ ಸಾಲು ಬಿಟ್ಟು ಎದುರಿಗೇ ಬಂದು, ಕೆನ್ನೆಯ ಮೇಲೆ ಬೆರಳಿಟ್ಟುಕೊಂಡು ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. "ಮುಖದ ಕಳೆ ನೋಡು. ಮೈಕಟ್ಟು ನೋಡು. ಹುಲಿ ಇದ್ದಂಗವ್ನೆ."

ಕೆಂಚಪ್ಪ ಎದೆಯನ್ನು ಮೆಲ್ಲಗೆ ಒಳಗೆಳೆದುಕೊಂಡ. ಅತ್ತ ಡಾಕ್ಟರು ಕಾಯಂ ಮಾಡುವ ಕಾಗದವನ್ನು ಬೆಂಚಿನ ಮೇಲೆ ಹರಡಿ ಪೆನ್ನು ತೆರೆದಿದ್ದರು.

"ಹೆಸರು?"

"ಕೆಂಚಪ್ಪ."

"ಊರು?"

"ಎಮ್ಮೆದೊಡ್ಡಿ."

"ಆರೋಗ್ಯ ಹೇಗಿದೆ?"

ಪಾಪಮ್ಮ ಎದುರಿಗೆ ನಿಂತು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಆರು ವರ್ಷ ಕಾದ ಭಾಗ್ಯ ಬಾಗಿಲಿಗೆ ಬಂದು ನಿಂತ ಗಳಿಗೆ. ಇಂಥ ಗಳಿಗೆಯಲ್ಲಿ ಚೆನ್ನಾಗಿದ್ದೇನೆ ಎಂದು ಬಾಯಿಬಿಡುವುದಕ್ಕಿಂತ ಬೆಂಕಿಗೆ ಕೈ ಇಡುವುದು ವಾಸಿ. ಕೆಂಚಪ್ಪ ಹೇಳಲಿಲ್ಲ, ಅವನ ನಾಲಿಗೆ ತಾನಾಗಿ ಹೇಳಿತು.

"ಏನ್ ಹೇಳ್ಲಿ ಸ್ವಾಮಿ. ಎರಡು ಹೆಜ್ಜೆ ಇಟ್ರೆ ಎದೆ ಹೊಡ್ಕೊಳ್ತದೆ. ಬಕೆಟ್ ಎತ್ತಿದ್ರೆ ಕೈ ನಡುಗ್ತದೆ. ಬೆನ್ನು ಬಗ್ಗಲ್ಲ, ಬಗ್ಗಿದ್ರೆ ಏಳಲ್ಲ. ಇವತ್ತೋ ನಾಳೆಯೋ ಅನ್ನಂಗಿದೀನಿ."

ಡಾಕ್ಟರ ಪೆನ್ನು ನಿಂತಿತು.

"ಅಯ್ಯೋ ಪಾಪ," ಎಂದರು. ಬರೆದ ಹೆಸರಿನ ಮೇಲೆ ನೋವಿನಿಂದಲೇ ಒಂದು ಗೀಟು ಎಳೆದರು. "ಕಾಯಂ ಕೆಲಸಕ್ಕೆ ಗಟ್ಟಿ ಆಳೇ ಬೇಕಪ್ಪ. ಅದು ರೂಲ್ಸು."

"ಇಲ್ಲ ಸ್ವಾಮಿ, ನಾನು..." ಎಂದ ಕೆಂಚಪ್ಪ. ಪಾಪಮ್ಮ ಇನ್ನೂ ಹತ್ತಿರ ಬಂದಳು. ಅವನು ಮಾತು ನುಂಗಿ ಎದೆ ಹಿಡಿದುಕೊಂಡ.

"ಬೇಡ, ಸುಳ್ಳು ಹೇಳಬೇಡ. ನಿನ್ನ ಕೈ ನಡುಗೋದು ಕಾಣ್ತಾ ಇದೆ," ಎಂದು ಡಾಕ್ಟರು ಅವನ ಭುಜ ತಟ್ಟಿ ಜನರ ಕಡೆ ತಿರುಗಿದರು. "ಸರ್ಕಾರಿ ಕೆಲಸ, ಕಾಯಂ. ನಿಮ್ಮಲ್ಲಿ ಯಾರಾದರೂ ಆರೋಗ್ಯವಾಗಿರೋರು ಇದ್ದರೆ ಕೈ ಎತ್ತಿ."

ಐವತ್ತು ಜನ ನೆಲ ನೋಡಿದರು. ಸಣ್ಣಬೀರಪ್ಪನ ತೋಳು ಒಂದು ಸಲ ಅಲುಗಾಡಿತು. ಪಾಪಮ್ಮ ಅತ್ತ ತಿರುಗುತ್ತಲೇ ಅವನು ಸೊಂಟ ಹಿಡಿದುಕೊಂಡು ಹುಲ್ಲಿನ ಮೇಲೆ ಕೂತುಬಿಟ್ಟ.

ಡಾಕ್ಟರು ನಿಟ್ಟುಸಿರುಬಿಟ್ಟು ಬರೆದರು: ಆರೋಗ್ಯವಂತ ಅಭ್ಯರ್ಥಿ ಸಿಗುವವರೆಗೆ ಹುದ್ದೆ ಖಾಲಿ, ಅಲ್ಲಿಯವರೆಗೆ ಈಗಿರುವ ಹಂಗಾಮಿ ಮಾಲಿಯೇ ಮುಂದುವರಿಯುವುದು. ಜೀಪು ಧೂಳೆಬ್ಬಿಸಿಕೊಂಡು ಹೋಯಿತು. ಸಣ್ಣಬೀರಪ್ಪ ಕುಡುಗೋಲು ಹಿಡಿದು ಎದ್ದ.

"ಇನ್ನು ಹುಲ್ಲು ಕೊಯ್ಯಲಾ?"

ದೀಪ ಹಚ್ಚುವ ಹೊತ್ತಿಗೆ ಕೆಂಚಪ್ಪ ಮನೆಗೆ ಬಂದು ಗೋಡೆಗೊರಗಿ ಕೂತ. ಹಾಲಮ್ಮ ಒಲೆಯ ಮುಂದೆ ಮುದ್ದೆ ಕಟ್ಟುತ್ತ ಎಲ್ಲವನ್ನೂ ಕೇಳಿದಳು. ಪಾರ್ಕು ಉಳಿದದ್ದು, ಬಿಲ್ಲೆ ಬಾರದೇ ಹೋದದ್ದು, ಇನ್ನು ಮೇಲೆ ಅದೇ ಕೂಲಿಗೆ ಎರಡರ ಬದಲು ನಾಲ್ಕು ಎಕರೆಗೆ ನೀರು ಹಾಕಬೇಕಾದದ್ದು, ಎಲ್ಲ ಹೇಳಿ ಮುಗಿಸಿ, ಇನ್ನೇನು ಬೈಗುಳ ಶುರುವಾಯಿತೆಂದು ಅವನು ತಲೆ ತಗ್ಗಿಸಿದ.

"ಪಾಪಮ್ಮ ಎಲ್ಲಿ ನಿಂತಿದ್ಲು?" ಎಂದಳು ಹಾಲಮ್ಮ.

"ಎದುರಿಗೇ. ಇಷ್ಟೇ ದೂರ."

"ಹುಲಿ ಅಂದ್ಲಾ?"

"ಹೂಂ. ಮೈಕಟ್ಟು ನೋಡು ಅಂದ್ಲು."

"ನೀನೇನಂದೆ?"

"ಎದೆ ಹೊಡ್ಕೊಳ್ತದೆ ಅಂದೆ. ಕೈ ನಡುಗ್ತದೆ, ಬೆನ್ನು ಬಗ್ಗಲ್ಲ ಅಂದೆ."

"ಕಣ್ಣು ಮಂಜು ಅನ್ಲಿಲ್ವಾ?"

"ಮರೆತೋಯ್ತು ಕಣೇ."

"ಅದನ್ನೂ ಸೇರಿಸ್ಬೇಕಿತ್ತು," ಎಂದಳು ಹಾಲಮ್ಮ. "ಹೋಗ್ಲಿ ಬಿಡು. ಜೀವ ಉಳೀತಲ್ಲ, ಸಾಕು."

ಉಪ್ಪು, ಒಣಮೆಣಸಿನಕಾಯಿ ಹಿಡಿದು ಅವನ ತಲೆಯ ಸುತ್ತ ಮೂರು ಸಲ ನಿವಾಳಿಸಿ ಒಲೆಗೆ ಹಾಕಿದಳು. ಅದು ಚಟಪಟ ಸಿಡಿಯಿತು. ಕೆಂಚಪ್ಪನಿಗೆ ಮೈ ಹಗುರವಾಗಿ, ಬೆಳಗಿನಿಂದ ಓಡಿದ ಹಸಿವು ಒಟ್ಟಿಗೇ ನೆನಪಾಗಿ, ತಟ್ಟೆ ಎಳೆದುಕೊಂಡ. ಇವತ್ತೋ ನಾಳೆಯೋ ಅನ್ನುವ ಹಾಗಿದ್ದ ಆ ಮನುಷ್ಯ ಹುರುಳಿ ಸಾರಿನಲ್ಲಿ ಎರಡು ಮುದ್ದೆ ನುಂಗಿ ಮೂರನೆಯದಕ್ಕೆ ಕೈ ಚಾಚಿದ.

"ತಡಿ," ಎಂದು ಹಾಲಮ್ಮ ಎದ್ದು ಹೋಗಿ ಬೀದಿಬಾಗಿಲಿಗೆ ಅಗುಳಿ ಹಾಕಿಕೊಂಡು ಬಂದಳು. "ಈಗ ಉಣ್ಣು. ಯಾರಾದ್ರೂ ನೋಡ್ಯಾರು."